ಒಂದು ಪೌಂಡಿನ ಹಡಗು



ಸಾರ್ವಜನಿಕರು ಯಾರ ಅಪ್ಪಣೆಗೂ ಕಾಯದೆ ಕೈಗೆತ್ತಿಕೊಂಡ ಕೆಲಸದ ಬಗ್ಗೆ ಮಾತಾಡಬೇಕು ಎನ್ನುವುದು ಈ ದತ್ತಿ ಉಪನ್ಯಾಸದ ಷರತ್ತು. ವಿಷಯ ಯಾವ ದೇಶದ್ದಾದರೂ ನಡೆಯುತ್ತದೆ ಎಂದು ಸಂಘಟಕರು ಹೇಳಿದರು. ಆ ಸಲುಗೆ ಹಿಡಿದು ಇಂಗ್ಲೆಂಡಿನ ಕಾಲುವೆಗಳ ಕಡೆಗೆ ಹೊರಟಿದ್ದೇನೆ. ಅಲ್ಲಿ ಹಾಳುಬಿದ್ದ ದೋಣಿಗಳನ್ನು ಎತ್ತಿ ನಿಲ್ಲಿಸುವ ಜನರಿದ್ದಾರೆ. ಸಂಬಳವಿಲ್ಲ. ಭಾನುವಾರ ಕೆಸರಲ್ಲಿ ನಿಂತು, ಸೋಮವಾರ ಬೆನ್ನುನೋವಿನಲ್ಲೇ ಕಚೇರಿಗೆ ಹೋಗುವವರು. ಅವರ ಉತ್ಸಾಹವನ್ನು ಹೊಗಳುವುದು ಸುಲಭ. ನಾನು ಹೇಳಬೇಕೆಂದಿರುವುದು ಉತ್ಸಾಹ ಇಳಿದ ಮೇಲಿನ ಮಾತು. ದೋಣಿಯನ್ನು ಉಳಿಸುವುದಕ್ಕಿಂತ ಉಳಿಸಿದ್ದನ್ನು ಇಟ್ಟುಕೊಳ್ಳುವುದು ಕಷ್ಟ. ಆ ಕಷ್ಟವನ್ನು ಮೊದಲೇ ಲೆಕ್ಕ ಹಾಕಿದವರ ದೋಣಿಗಳಷ್ಟೇ ಇವತ್ತು ನೀರಿನ ಮೇಲಿವೆ.

2004ರಲ್ಲಿ ಲಿವರ್‌ಪೂಲ್ ಬಳಿ ಒಂದು ಹಡಗು ಒಂದು ಪೌಂಡಿಗೆ ಮಾರಾಟವಾಯಿತು. ಹೆಸರು ಡೇನಿಯಲ್ ಆಡಮ್ಸನ್. ಊರವರ ಬಾಯಲ್ಲಿ ಬರೀ ಡ್ಯಾನಿ. 1903ರಲ್ಲಿ ಬರ್ಕನ್‌ಹೆಡ್‌ನಲ್ಲಿ ಕಟ್ಟಿದ, ಕಲ್ಲಿದ್ದಲಿನ ಹಬೆಯಿಂದ ಓಡುವ ಟಗ್ ಅದು. ಕಟ್ಟಿಸಿದ್ದು ಶ್ರಾಪ್‌ಶೈರ್ ಯೂನಿಯನ್ ಎಂಬ ಕಾಲುವೆ ಕಂಪನಿ. ಒಳನಾಡಿನ ಕಾಲುವೆಗಳಿಂದ ಎಲ್ಸ್‌ಮಿಯರ್ ಪೋರ್ಟಿಗೆ ಬಂದ ಸರಕು ದೋಣಿಗಳನ್ನು ಸಾಲಾಗಿ ಹಗ್ಗಕ್ಕೆ ಕಟ್ಟಿಕೊಂಡು ಮರ್ಸಿ ನದಿಯ ಅಳಿವೆ ದಾಟಿಸಿ ಲಿವರ್‌ಪೂಲಿಗೆ ಮುಟ್ಟಿಸುವುದು ಅದರ ಕೆಲಸ. ದೋಣಿಗಳ ಜತೆಗೆ ಪ್ರಯಾಣಿಕರನ್ನೂ ಒಯ್ಯುತ್ತಿತ್ತು. ಆಗ ಅದರ ಹೆಸರು ರಾಲ್ಫ್ ಬ್ರಾಕಲ್‌ಬ್ಯಾಂಕ್.

ಮುಂದೆ ಅದು ಮ್ಯಾಂಚೆಸ್ಟರ್ ಶಿಪ್ ಕೆನಾಲ್ ಕಂಪನಿಯ ಕೈಸೇರಿತು. 36 ಮೈಲಿ ಉದ್ದದ ಆ ಕಾಲುವೆ 1894ರಲ್ಲಿ ತೆರೆದಾಗ, ಸಮುದ್ರದಿಂದ ಅಷ್ಟು ದೂರದ ಮ್ಯಾಂಚೆಸ್ಟರ್ ದಿಢೀರನೆ ಬಂದರಾಯಿತು. ಕಾಲುವೆಗಾಗಿ ಜನರನ್ನು ಕೂಡಿಸಿ ಹೋರಾಡಿದ ಎಂಜಿನಿಯರ್ ಡೇನಿಯಲ್ ಆಡಮ್ಸನ್; ಕಂಪನಿಯ ಮೊದಲ ಅಧ್ಯಕ್ಷನೂ ಅವನೇ. ಕಾಲುವೆ ತೆರೆಯುವ ನಾಲ್ಕು ವರ್ಷ ಮೊದಲೇ ತೀರಿಕೊಂಡ. 1936ರಲ್ಲಿ ಕಂಪನಿ ಈ ಟಗ್‌ನ ಒಳಾಂಗಣವನ್ನು ಆಗಿನ ಫ್ಯಾಷನ್ನಾದ ಆರ್ಟ್ ಡೆಕೋ ಶೈಲಿಯಲ್ಲಿ ಹೊಸದಾಗಿ ಮಾಡಿಸಿ, ಅವನ ಹೆಸರಿಟ್ಟಿತು. ನಿರ್ದೇಶಕರೂ ಅವರ ಗಣ್ಯ ಅತಿಥಿಗಳೂ ಕೂತು ಕಾಲುವೆ ನೋಡುವ ಹಡಗಾಯಿತು ಅದು. ದುಡಿಮೆಯನ್ನೂ ಬಿಡಲಿಲ್ಲ. ಮೇಲೆ ನುಣುಪಾದ ಮರದ ಸಲೂನು, ಕೆಳಗೆ ಮೈಯೆಲ್ಲ ಮಸಿ ಮಾಡಿಕೊಂಡು ಕಲ್ಲಿದ್ದಲು ತುಂಬುವ ಕೆಲಸಗಾರ. ಎರಡೂ ಒಂದೇ ಹಡಗಿನಲ್ಲಿ.

1984ರಲ್ಲಿ ಡ್ಯಾನಿಯನ್ನು ಕಟ್ಟಿಹಾಕಿದರು. ಆಮೇಲೆ ಎಲ್ಸ್‌ಮಿಯರ್ ಪೋರ್ಟಿನ ದೋಣಿ ಸಂಗ್ರಹಾಲಯದ ಬಳಿಗೆ ತಂದು ನಿಲ್ಲಿಸಿದರು. ಕೆಲವು ಕಾಲ ಜನ ಹತ್ತಿ ನೋಡಿದರು. ಬಳಿಕ ತುಕ್ಕು ಹತ್ತಿತು, ಪುಂಡರು ನುಗ್ಗಿದರು, ಒಳಗಿನ ಮರಗೆಲಸ ಹಾಳಾಯಿತು. 2004ರ ಹೊತ್ತಿಗೆ ಗುಜರಿಗೆ ಕಳಿಸುವ ತೀರ್ಮಾನವೇ ಆಗಿತ್ತು. ಟಗ್‌ಗಳಲ್ಲೇ ಬದುಕು ಸವೆಸಿದ ಒಬ್ಬ ನಾವಿಕನಿಗೆ ಈ ಸುದ್ದಿ ಮುಟ್ಟಿತು. ಆತ ಹೋಗಿ ಕೇಳಿದ. ಕಂಪನಿ ಒಂದು ಪೌಂಡಿಗೆ ಕೊಟ್ಟಿತು. ಆ ಹಡಗನ್ನು ನಂಬಿಕೊಂಡು ಒಂದು ಸಂರಕ್ಷಣಾ ಸಂಘ ಹುಟ್ಟಿತು.

ಇಲ್ಲಿಂದ ಮುಂದಿನ ಕಾಲಗಣನೆ ಸ್ವಲ್ಪ ಗಮನಿಸಿ. ಲಾಟರಿ ಹಣದಿಂದ ನಡೆಯುವ ಅಲ್ಲಿನ ಪರಂಪರೆ ನಿಧಿ ಡ್ಯಾನಿಗೆ 35 ಲಕ್ಷ ಪೌಂಡ್ ಮೀರಿದ ದೊಡ್ಡ ಅನುದಾನ ಕೊಟ್ಟದ್ದು 2015ರಲ್ಲಿ. ಹಡಗು ಮತ್ತೆ ಓಡಿದ್ದು 2016ರಲ್ಲಿ. ಅಂದರೆ ಒಂದು ಪೌಂಡಿಗೂ ಆ ಅನುದಾನಕ್ಕೂ ನಡುವೆ ಹನ್ನೊಂದು ವರ್ಷ. ನಮ್ಮ ಪತ್ರಿಕೆಗಳಲ್ಲಿ ಇಂಥ ಸುದ್ದಿ ಬಂದರೆ ಅನುದಾನದ ಮೊತ್ತವೇ ತಲೆಬರಹವಾಗುತ್ತದೆ. ನನಗೆ ಮುಖ್ಯವೆನಿಸುವುದು ಆ ಹನ್ನೊಂದು ವರ್ಷ. ತುಕ್ಕು ಕೆರೆಯುವುದು, ನೀರು ಹೊರಹಾಕುವುದು, ಹರಿದ ಟಾರ್ಪಾಲು ಮತ್ತೆ ಕಟ್ಟುವುದು, ಪಿಸ್ಟನ್ನಿಗೆ ಎಣ್ಣೆ ಹಾಕುವುದು, ಯಂತ್ರದ ಯಾವ ಭಾಗ ಎಲ್ಲಿ ಕೂರುತ್ತದೆ ಎಂದು ಬರೆದಿಡುವುದು. ಇದರಲ್ಲಿ ಫೋಟೋಕ್ಕೆ ಒದಗುವ ಕೆಲಸ ಒಂದೂ ಇಲ್ಲ. ವಿಚಾರಿಸಲು ಬಂದ ನಿಧಿಯವರಿಗೆ ತೋರಿಸಲು ಸಂಘದ ಕೈಯಲ್ಲಿ ಇದ್ದದ್ದು ಇದೇ: ನಾವು ಬಿಟ್ಟು ಓಡುವವರಲ್ಲ ಎಂಬುದಕ್ಕೆ ಪುರಾವೆ.

ಇಂಥ ದೋಣಿಗಳು ಹುಟ್ಟಿದ್ದು, ಹಾಳುಬಿದ್ದದ್ದು ಹೇಗೆ ಎಂದು ತಿಳಿಯಲು ಸ್ವಲ್ಪ ಹಿಂದೆ ಹೋಗೋಣ. 1761ರಲ್ಲಿ ಡ್ಯೂಕ್ ಆಫ್ ಬ್ರಿಜ್‌ವಾಟರ್ ತನ್ನ ಗಣಿಯ ಕಲ್ಲಿದ್ದಲನ್ನು ಮ್ಯಾಂಚೆಸ್ಟರಿಗೆ ಸಾಗಿಸಲು ಕಾಲುವೆ ತೆಗೆಸಿದ್ದರಿಂದ ಕಾಲುವೆ ಯುಗ ಶುರುವಾಯಿತು ಎನ್ನುವುದು ರೂಢಿ. ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರ್ ಅದರ ಹಿಂದೆ ಇದ್ದವನು. ಮುಂದೆ ಟ್ರೆಂಟ್ ಅಂಡ್ ಮರ್ಸಿ ಕಾಲುವೆಗೆ ಅವನು ಇಟ್ಟ ಲಾಕ್‌ಗಳ ಅಗಲ ಸುಮಾರು 7 ಅಡಿ, ಉದ್ದ 70 ಅಡಿಯ ಆಸುಪಾಸು. ಲಾಕ್ ಎಂದರೆ ಎರಡೂ ತುದಿಗೆ ಬಾಗಿಲಿರುವ, ನೀರು ತುಂಬಿಸಿ ಇಳಿಸಿ ದೋಣಿಯನ್ನು ಮೇಲಕ್ಕೂ ಕೆಳಕ್ಕೂ ಸಾಗಿಸುವ ಕಲ್ಲಿನ ತೊಟ್ಟಿ. ಆ ಅಳತೆಯೇ ಇಂಗ್ಲೆಂಡಿನ ನಡುನಾಡಿನ ದೋಣಿಯ ಹಣೆಬರಹವಾಯಿತು. ಇದೇ ನ್ಯಾರೋಬೋಟ್. ರೈಲು ಬಂತು, ಕಾಲುವೆಗೆ ವ್ಯಾಪಾರ ತಗ್ಗಿತು. ಆಮೇಲೆ ಲಾರಿ ಬಂತು. 1948ರಲ್ಲಿ ಕಾಲುವೆಗಳು ರಾಷ್ಟ್ರೀಕರಣವಾದವು. 1962–63ರ ಚಳಿಗಾಲದಲ್ಲಿ ವಾರಗಟ್ಟಲೆ ನೀರು ಹೆಪ್ಪುಗಟ್ಟಿ ದೋಣಿಗಳು ನಿಂತಲ್ಲೇ ಸಿಕ್ಕಿಬಿದ್ದವು. ಉಳಿದಿದ್ದ ಸರಕು ಸಾಗಣೆಗೆ ಅದೇ ಕೊನೆಯ ಪೆಟ್ಟು.

ನಮ್ಮಲ್ಲೂ ಇಂಥದೊಂದು ಕಥೆ ಅರ್ಧಕ್ಕೆ ನಿಂತಿದೆ. 1860ರ ದಶಕದಲ್ಲಿ ಮದ್ರಾಸಿನ ಒಂದು ಇಂಗ್ಲಿಷ್ ಕಂಪನಿ ನಮ್ಮ ತುಂಗಭದ್ರೆಗೆ ಸುಂಕೇಸುಲದಲ್ಲಿ ಅಣೆ ಕಟ್ಟಿ ಕರ್ನೂಲು–ಕಡಪ ಕಾಲುವೆ ತೋಡಿತು. ನೀರಾವರಿಗೂ ಸೈ, ದೋಣಿ ಸಂಚಾರಕ್ಕೂ ಸೈ ಎಂಬ ಲೆಕ್ಕ. ಲೆಕ್ಕ ತಪ್ಪಿ ಕಂಪನಿ ಮುಳುಗಿತು. 1882ರಲ್ಲಿ ಸರ್ಕಾರ ಕಾಲುವೆಯನ್ನು ಕೊಂಡಿತು. ಗದ್ದೆಗೆ ನೀರು ಇವತ್ತಿಗೂ ಹರಿಯುತ್ತಿದೆ. ದೋಣಿ ನೆನಪಿನಲ್ಲೂ ಇಲ್ಲ.

ಇಂಗ್ಲೆಂಡಿನಲ್ಲಿ ನೆನಪು ಉಳಿದದ್ದಕ್ಕೆ ಒಂದು ದೋಣಿಯೇ ಕಾರಣ. ಅದರ ಹೆಸರು ಕ್ರೆಸಿ. ಡ್ಯಾನಿಯನ್ನು ಕಟ್ಟಿಸಿದ ಶ್ರಾಪ್‌ಶೈರ್ ಯೂನಿಯನ್ ಕಂಪನಿಯದೇ ಹಳೆಯ ಮರದ ದೋಣಿ. ಟಾಮ್ ರೋಲ್ಟ್ ಎಂಬ ಎಂಜಿನಿಯರ್ ಅದನ್ನು 1939ರಲ್ಲಿ ಬ್ಯಾನ್‌ಬರಿಯ ಟೂಲಿ ದೋಣಿಕಟ್ಟೆಯಲ್ಲಿ ವಾಸಕ್ಕೆ ತಕ್ಕಂತೆ ಮಾಡಿಸಿಕೊಂಡು, ಹೆಂಡತಿಯೊಡನೆ ಕಾಲುವೆಗಳಲ್ಲಿ ಹೊರಟ. ಆ ಪ್ರಯಾಣದ ಬಗ್ಗೆ ಬರೆದ 'ನ್ಯಾರೋ ಬೋಟ್' ಪುಸ್ತಕ 1944ರಲ್ಲಿ ಬಂತು. ಯುದ್ಧದಿಂದ ಬೇಸತ್ತ ಜನ ಮುಗಿಬಿದ್ದು ಓದಿದರು. ಓದಿದವರಲ್ಲಿ ಒಬ್ಬ ರಾಬರ್ಟ್ ಐಕ್‌ಮನ್. ಪತ್ರ ಬರೆದ, 1945ರಲ್ಲಿ ಟಾರ್ಡಬಿಗ್ ಎಂಬಲ್ಲಿ ಕಟ್ಟಿದ್ದ ಕ್ರೆಸಿಗೇ ಬಂದು ಭೇಟಿಯಾದ. ಮರುವರ್ಷ ಇಬ್ಬರೂ ಸೇರಿ ಇನ್‌ಲ್ಯಾಂಡ್ ವಾಟರ್‌ವೇಸ್ ಅಸೋಸಿಯೇಷನ್ ಹುಟ್ಟುಹಾಕಿದರು. ಕಾಲುವೆ ಉಳಿಸುವ ಚಳವಳಿಯ ಬೇರು ಅದು.

ಇಬ್ಬರೂ ಐದು ವರ್ಷಕ್ಕೇ ಜಗಳವಾಡಿ ದೂರವಾದರು. ಐಕ್‌ಮನ್ನನಿಗೆ ಪ್ರತಿಯೊಂದು ಕಾಲುವೆಯೂ ಬೇಕು, ಒಂದು ಮೈಲಿಯನ್ನೂ ಬಿಟ್ಟುಕೊಡಬಾರದು. ರೋಲ್ಟನಿಗೆ ಕಾಲುವೆಯ ಮೇಲೆ ಇನ್ನೂ ಹೊಟ್ಟೆ ಹೊರೆಯುತ್ತಿದ್ದ ದೋಣಿಯವರ ಬದುಕು ಮೊದಲು. ಉಳಿಸಲಾಗುವುದನ್ನು ಆರಿಸಿಕೊಂಡು ಬಲ ಹಾಕಬೇಕು ಎನ್ನುವುದು ಅವನ ವಾದ. 1951ರಲ್ಲಿ ರೋಲ್ಟನನ್ನು ಅವನೇ ಕಟ್ಟಿದ ಸಂಘದಿಂದ ಹೊರಹಾಕಿದರು. ಅದೇ ವರ್ಷ ಕ್ರೆಸಿಯ ಹಲಗೆಗಳು ಕೊಳೆತಿವೆ ಎಂದು ತಪಾಸಣೆಯಲ್ಲಿ ಗೊತ್ತಾಗಿ, ಅದನ್ನು ಕಾಲುವೆಯಲ್ಲೇ ಮುಳುಗಿಸಲಾಯಿತು. ಚಳವಳಿಗೆ ಜನ್ಮ ಕೊಟ್ಟ ದೋಣಿಯನ್ನೇ ಚಳವಳಿ ಉಳಿಸಿಕೊಳ್ಳಲಿಲ್ಲ. ಇದನ್ನು ಹೇಳಿ ನಿಟ್ಟುಸಿರು ಬಿಡುವವರನ್ನು ಓದಿದ್ದೇನೆ. ನನಗೆ ಹಾಗೆ ಅನ್ನಿಸುವುದಿಲ್ಲ. ರೋಲ್ಟ್ ಆಗಲೇ ವೇಲ್ಸಿನ ತಾಲಿಲಿನ್ ಎಂಬ ಪುಟ್ಟ ರೈಲುಮಾರ್ಗವನ್ನು ಸ್ವಯಂಸೇವಕರಿಂದ ನಡೆಸುವ ಸಾಹಸಕ್ಕೆ ಇಳಿದಿದ್ದ. ಕೊಳೆತ ಒಂದು ದೋಣಿಗೆ ಕಟ್ಟುಬಿದ್ದಿದ್ದರೆ ಅದು ಆಗುತ್ತಿತ್ತೇ?

ಐಕ್‌ಮನ್ನನ ಹಟಕ್ಕೂ ಫಲ ಸಿಕ್ಕಿತು ಎನ್ನಬೇಕು. ಸ್ಟ್ರಾಟ್‌ಫರ್ಡ್ ಕಾಲುವೆಯ ದಕ್ಷಿಣದ 13 ಮೈಲಿ ಭಾಗವನ್ನು ಡೇವಿಡ್ ಹಚಿಂಗ್ಸ್ ಎಂಬುವರ ಮುಂದಾಳತ್ವದಲ್ಲಿ ಸ್ವಯಂಸೇವಕರು, ಸೈನಿಕರು, ಜೈಲಿನ ಕೈದಿಗಳು ಸೇರಿ ತೋಡಿ ತೆರೆದರು. 1964ರಲ್ಲಿ ರಾಜಮಾತೆ ಬಂದು ಉದ್ಘಾಟಿಸಿದರು. 1968ರ ಸೆಪ್ಟೆಂಬರಿನ ಒಂದು ವಾರಾಂತ್ಯದಲ್ಲಿ ಮ್ಯಾಂಚೆಸ್ಟರಿನ ಆಷ್ಟನ್ ಕಾಲುವೆಗೆ ಸುಮಾರು 600 ಜನ ಇಳಿದು 2,000 ಟನ್ ಕಸ ಎತ್ತಿದರು. 1974ರಲ್ಲಿ ಅದು ಮತ್ತೆ ದೋಣಿಗಳಿಗೆ ತೆರೆಯಿತು. ದೋಣಿ ಉಳಿಸುವವರು ಇದನ್ನು ಮರೆಯುವಂತಿಲ್ಲ. ಕಾಲುವೆಯೇ ಇಲ್ಲದಿದ್ದರೆ ರಿಪೇರಿಯಾದ ದೋಣಿಯನ್ನು ಎಲ್ಲಿ ಓಡಿಸುವುದು?

ಈಗ ದೋಣಿಕಟ್ಟೆಯೊಳಕ್ಕೆ ಬನ್ನಿ. ಮರದ ನ್ಯಾರೋಬೋಟಿನ ಪಕ್ಕೆಗಳು ಓಕ್, ತಳ ಎಲ್ಮ್. ತಳದ ಹಲಗೆಗಳನ್ನು ಉದ್ದಕ್ಕೆ ಹಾಕದೆ ಅಡ್ಡಡ್ಡ ಜೋಡಿಸುತ್ತಾರೆ. ನೆಲಕ್ಕೆ ಉಜ್ಜಿ ಹಾಳಾದ ಹಲಗೆಯನ್ನಷ್ಟೇ ಬಿಚ್ಚಿ ಬದಲಿಸಬಹುದು. ಎಲ್ಮ್ ಸದಾ ನೀರಲ್ಲಿದ್ದರೆ ಕೊಳೆಯುವುದಿಲ್ಲ. ಒಮ್ಮೆ ಒದ್ದೆ, ಒಮ್ಮೆ ಒಣ ಎಂದಾದರೆ ಬೇಗ ಹೋಗುತ್ತದೆ. ಹಳೆಯ ಮರದ ದೋಣಿಯ ಇಕ್ಕಟ್ಟು ಇದೇ. ದಡಕ್ಕೆ ಎಳೆದಿಟ್ಟರೆ ಹಲಗೆ ಒಣಗಿ ಬಿರಿದು ಸಂದಿ ಬಾಯ್ಬಿಡುತ್ತದೆ. ನೀರಲ್ಲಿಟ್ಟರೆ ನೀರಗೆರೆಯ ಮೇಲಿನ ಭಾಗ ಕೊಳೆಯುತ್ತದೆ. ರಿಪೇರಿಗೆ ಹಣ ಒದಗುವವರೆಗೆ ಪೂರ್ತಿ ಮುಳುಗಿಸಿಡುವುದೂ ಒಂದು ಉಪಾಯ. ನೋಡುವವರಿಗೆ ಅದು ನಿರ್ಲಕ್ಷ್ಯದ ಹಾಗೆ ಕಾಣುತ್ತದೆ. ಎಷ್ಟೋ ಸಲ ಅದೇ ರಕ್ಷಣೆ.

ಮೂತಿಯ ಕಡೆ ಬಾಗಬೇಕಾದ ಓಕ್ ಹಲಗೆಯನ್ನು ಹಬೆಯ ಪೆಟ್ಟಿಗೆಯಲ್ಲಿಟ್ಟು ಬೇಯಿಸುತ್ತಾರೆ. ಒಂದು ಅಂಗುಲ ದಪ್ಪಕ್ಕೆ ಒಂದು ಗಂಟೆ ಎಂಬುದು ಕಸುಬಿನವರ ಲೆಕ್ಕ. ಬೆಂದ ಹಲಗೆ ಪೆಟ್ಟಿಗೆಯಿಂದ ಹೊರಬಂದ ಮೇಲೆ ಸಿಗುವುದು ಕೆಲವೇ ನಿಮಿಷ. ಆರೇಳು ಜನ ದಪ್ಪ ಕೈಗವಸು ಹಾಕಿಕೊಂಡು ಅದನ್ನು ಹೊತ್ತು ಓಡುತ್ತಾರೆ; ಒಂದು ತುದಿ ಮೊದಲು ಬಿಗಿ, ಉಳಿದದ್ದನ್ನು ತಳ್ಳುತ್ತ ಬಗ್ಗಿಸುತ್ತ ಕ್ಲಾಂಪಿನ ಮೇಲೆ ಕ್ಲಾಂಪು. ತಡವಾದರೆ ಹಲಗೆ ಹೇಳಿದ ಮಾತು ಕೇಳುವುದಿಲ್ಲ; ಒತ್ತಿದರೆ ಸೀಳುತ್ತದೆ. ಆ ಹೊತ್ತಿನಲ್ಲಿ ಅಲ್ಲಿ ಡಾಕ್ಟರೂ ಇಲ್ಲ, ಪ್ರೊಫೆಸರೂ ಇಲ್ಲ. ಹಲಗೆಯ ಯಾವ ತುದಿ ಯಾರ ಕೈಯಲ್ಲಿದೆ ಎನ್ನುವುದೊಂದೇ ಪ್ರಶ್ನೆ. ಹಳೆಯ ಬಡಗಿಯೊಬ್ಬ ಹಿಂದೆ ನಿಂತು ಈಗ, ಈಗ ಎನ್ನುತ್ತಿದ್ದರೆ ಸಾಕು. ಆ "ಈಗ" ಯಾವಾಗ ಎಂಬುದು ಯಾವ ಕೈಪಿಡಿಯಲ್ಲೂ ಇಲ್ಲ.

ಆಮೇಲೆ ಸಂದಿ ತುಂಬುವ ಕೆಲಸ. ಹಳೆಯ ಹಗ್ಗ ಬಿಡಿಸಿ ಡಾಂಬರಿನಲ್ಲಿ ನೆನೆಸಿದ ನಾರನ್ನು ಹಲಗೆಗಳ ನಡುವೆ ಉಳಿಯಂಥ ಚಪ್ಪಟೆ ಕಬ್ಬಿಣದಿಂದ ಬಡಿದು ಕೂರಿಸಬೇಕು. ಸಡಿಲವಾದರೆ ನೀರು ಒಸರುತ್ತದೆ. ಅತಿಯಾದರೆ ಹಲಗೆಯೇ ಸರಿಯುತ್ತದೆ. ಸುತ್ತಿಗೆಯ ಸದ್ದು ಮಂದದಿಂದ ಗಟ್ಟಿಗೆ ತಿರುಗಿದಾಗ ನಿಲ್ಲಿಸಬೇಕು ಎನ್ನುತ್ತಾರೆ. ಒಳಮೈಗೆ ಹಿಂದೆ ಹಚ್ಚುತ್ತಿದ್ದ ಲೇಪ ಇನ್ನೂ ಸ್ವಾರಸ್ಯ: ಡಾಂಬರು, ಕುದುರೆ ಲದ್ದಿ, ದನದ ಕೂದಲು, ಮೂರನ್ನೂ ಬಿಸಿಯಾಗಿ ಕಲಸಿದ ಅಂಟು. ಸಗಣಿ ಸಾರಿಸಿದ ನೆಲದ ಮೇಲೆ ಬೆಳೆದ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಲದ್ದಿ ಸಿಗುವ ಕುದುರೆ ಹುಡುಕುವುದೇ ಈಗ ಅಲ್ಲಿನ ಕಷ್ಟ.

ಕುದುರೆಗಿಂತ ದೊಡ್ಡ ಕೊರತೆ ಎಲ್ಮ್ ಮರದ್ದು. 1970ರ ದಶಕದಲ್ಲಿ ಡಚ್ ಎಲ್ಮ್ ರೋಗ ಬ್ರಿಟನ್ನಿನಲ್ಲಿ ಎರಡು ಕೋಟಿಗೂ ಹೆಚ್ಚು ಎಲ್ಮ್ ಮರಗಳನ್ನು ಬಲಿ ತೆಗೆದುಕೊಂಡಿತು. ಅಗಲವಾದ ತಳದ ಹಲಗೆ ಕೊಡಬಲ್ಲ ದೊಡ್ಡ ಮರಗಳೇ ಅಪರೂಪವಾದವು. ಹಾಗಾಗಿ ಬೇರೆ ಮರ ಹಾಕಬೇಕೇ, ಉಕ್ಕು ಹಾಕಬೇಕೇ ಎಂಬ ತಕರಾರು. ಶುದ್ಧವಾದಿಗಳು ಒಪ್ಪುವುದಿಲ್ಲ. ಖಜಾಂಚಿಗಳು ಬೇರೆ ಮಾತನ್ನೇ ಒಪ್ಪುವುದಿಲ್ಲ.

ಇದರ ಜತೆಗೇ ಬರುವ ಇನ್ನೊಂದು ತಕರಾರು: ದೋಣಿಯನ್ನು ಅದರ ಯಾವ ವಯಸ್ಸಿಗೆ ಕರೆದೊಯ್ಯುವುದು? ಬರ್ಮಿಂಗ್‌ಹ್ಯಾಮ್‌ನ ಸಾಲ್ಟ್ಲಿಯಲ್ಲಿ 1909ರಲ್ಲಿ ಕಟ್ಟಿದ ಪ್ರೆಸಿಡೆಂಟ್ ಎಂಬ ನ್ಯಾರೋಬೋಟ್ ಹಬೆಯಿಂದ ಓಡುತ್ತಿತ್ತು. 1925ರಲ್ಲಿ ಹಬೆ ಯಂತ್ರ ಕಿತ್ತು ಎಣ್ಣೆ ಎಂಜಿನ್ ಹಾಕಿದರು. ದೋಣಿ ಹೆಚ್ಚು ಕಾಲ ದುಡಿದದ್ದು ಎಣ್ಣೆ ಎಂಜಿನ್ನಿನಿಂದಲೇ. 1973ರಲ್ಲಿ ಪಾಳುಬಿದ್ದ ಒಡಲನ್ನು ಕೊಂಡವರು ಮಾತ್ರ ಹಬೆಗೇ ಮರಳಿಸಿದರು; 1978ರಲ್ಲಿ ಅದು ಮತ್ತೆ ಹೊಗೆಯುಗುಳುತ್ತ ಹೊರಟಿತು. ಡ್ಯಾನಿಯವರು ಬೇರೆ ದಾರಿ ಹಿಡಿದರು. 1903ಕ್ಕೆ ಹೋಗದೆ 1936ರ ಡ್ಯಾನಿಯನ್ನು ಉಳಿಸಿಕೊಂಡರು. ನನಗೆ ಎರಡನೆಯದು ಹೆಚ್ಚು ಒಪ್ಪಿಗೆ. ಮೊದಲ ದಿನದ ರೂಪವೇ ಶ್ರೇಷ್ಠ ಎಂಬ ಹಂಬಲದಲ್ಲಿ ನಡುವಿನ ದುಡಿಮೆಯನ್ನೆಲ್ಲ ಕೆರೆದು ಹಾಕುವುದು ಒಂದು ಬಗೆಯ ಅನ್ಯಾಯ. ಆದರೆ ಪ್ರೆಸಿಡೆಂಟಿನ ಹಬೆ ಸದ್ದು ಕೇಳಿದ ಜನ ನನ್ನ ಮಾತಿಗೆ ಸೊಪ್ಪು ಹಾಕಲಾರರು ಎಂಬುದೂ ಗೊತ್ತು.

ದೋಣಿಯಲ್ಲಿ ಬದುಕಿದವರ ಮಾತೂ ಬರಬೇಕು. ಹಿಂಭಾಗದ ಕ್ಯಾಬಿನ್ ಹತ್ತಡಿ ಉದ್ದ, ಏಳಡಿಗೂ ಕಡಿಮೆ ಅಗಲ. ಒಲೆ, ಮಡಚುವ ಮೇಜು, ಅಡ್ಡಕ್ಕೆ ಬಿಡಿಸುವ ಹಾಸಿಗೆ. ಗಂಡ, ಹೆಂಡತಿ, ಮೂರು ನಾಲ್ಕು ಮಕ್ಕಳು ಅದರಲ್ಲೇ. ಮಕ್ಕಳಿಗೆ ಶಾಲೆ ಸಿಗುತ್ತಿರಲಿಲ್ಲ, ಓದುಬರಹವಿರಲಿಲ್ಲ. ಇವತ್ತು ಜೀರ್ಣೋದ್ಧಾರವಾದ ಕ್ಯಾಬಿನ್ನಿನಲ್ಲಿ ಹಿತ್ತಾಳೆ ಹೊಳೆಯುತ್ತದೆ, ಬಾಗಿಲಿಗೆ ಗುಲಾಬಿಯ, ಕೋಟೆಯ ಚಿತ್ರ ಬರೆದಿರುತ್ತದೆ. ಆ ಚಿತ್ರಕಲೆ ದೋಣಿಯವರದೇ, ಅಂದವೂ ಹೌದು. ಆದರೆ ಕಿಕ್ಕಿರಿದ ಬದುಕು ಬಣ್ಣದ ಹಿಂದೆ ಅಡಗಿಬಿಡುತ್ತದೆ. ಯುದ್ಧಕಾಲದಲ್ಲಿ ದೋಣಿ ನಡೆಸಲು ತರಬೇತಿ ಪಡೆದು ಬಂದ ಸೋನಿಯಾ ಎಂಬ ಯುವತಿ ಅಲ್ಲೇ ಒಬ್ಬ ದೋಣಿಗಾರನನ್ನು ಮದುವೆಯಾಗಿ ಆ ಬದುಕನ್ನೇ ಬಾಳಿದಳು. ಮುಂದೆ ರೋಲ್ಟನ ಎರಡನೆಯ ಹೆಂಡತಿಯಾದಳು. 2014ರಲ್ಲಿ ತೀರಿಕೊಳ್ಳುವವರೆಗೂ ಆಕೆ ದೋಣಿಯವರ ಪರವಾಗಿ ಮಾತಾಡುತ್ತಲೇ ಇದ್ದಳು.

ಸ್ವಯಂಸೇವಕರ ವಿಷಯಕ್ಕೆ ಬಂದರೆ, ಗುಲಾಬಿ ಬರೆಯಲು ಎಲ್ಲರೂ ಮುಂದೆ ಬರುತ್ತಾರೆ. ತಳದಲ್ಲಿ ನಿಂತ ಎಣ್ಣೆನೀರು ಬಳಿದು ತೆಗೆಯಲು ಆಳು ಸಿಗುವುದಿಲ್ಲ. ಇದು ಇಂಗ್ಲೆಂಡಿಗಷ್ಟೇ ಸೀಮಿತವೆಂದು ನಾನು ಹೇಳುತ್ತಿಲ್ಲ. ನಡೆಯುವ ಸಂಘದಲ್ಲಿ ತಳ ಬಳಿಯುವ ಸರದಿ ಹಲಗೆಯ ಮೇಲೆ ಎಲ್ಲರ ಹೆಸರೂ ಇರುತ್ತದೆ, ಅಧ್ಯಕ್ಷನದ್ದೂ. ವಯಸ್ಸಿನ ಸಮಸ್ಯೆಯೂ ಇದೆ. ಹಬೆ ಯಂತ್ರದ ಕಸುಬು ಬಲ್ಲವರಿಗೆ ಈಗ ಎಂಬತ್ತರ ಹತ್ತಿರ. ಅವರ ಪಕ್ಕದಲ್ಲಿ ಇಪ್ಪತ್ತರ ಹುಡುಗನೋ ಹುಡುಗಿಯೋ ನಿಲ್ಲದಿದ್ದರೆ ಬಾಯ್ಲರ್ ಎಷ್ಟು ಹೊಳೆದರೂ ಹಚ್ಚುವವರಿಲ್ಲ. ವಿಮೆಯವರು, ತಪಾಸಣೆಯವರು ಕೇಳುವುದು ಸರ್ಟಿಫಿಕೇಟು; ಅಕ್ಕರೆಯನ್ನಲ್ಲ.

ಇಲ್ಲಿ ದತ್ತಿಯ ಮಾತು ಬರುತ್ತದೆ. ನಮ್ಮ ಶಾಸನಗಳನ್ನು ಓದಿದವರಿಗೆ ಗೊತ್ತು, ದೇವಸ್ಥಾನಕ್ಕೆ ಭೂಮಿ ಬಿಡುವಾಗ ನೈವೇದ್ಯಕ್ಕೆ ಇಷ್ಟು ಎಂದ ಹಾಗೆಯೇ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೂ, ಅಂದರೆ ಒಡೆದು ಬಿರಿದದ್ದರ ದುರಸ್ತಿಗೂ, ಇಷ್ಟು ಎಂದು ಹೆಸರಿಸುತ್ತಿದ್ದರು. ಕೆರೆ ಕಟ್ಟಿದವರು ಏರಿ ಮುಗಿಸಿ ಕೈತೊಳೆದುಕೊಳ್ಳಲಿಲ್ಲ. ಹೂಳೆತ್ತುವ ಬಂಡಿಗೂ ಕೋಣಕ್ಕೂ ಆಳಿಗೂ ಗದ್ದೆ ಬಿಟ್ಟರು. ಬಿರುಕು ಬಿಡುವುದು ಖಚಿತ ಎಂದು ಕಟ್ಟುವ ದಿನವೇ ಒಪ್ಪಿಕೊಂಡವರು ಅವರು. ಈಗಿನ ಅನುದಾನಗಳು, ಅಲ್ಲಿಯವೂ ಇಲ್ಲಿಯವೂ, ಉದ್ಘಾಟನೆಯ ಟೇಪು ಕತ್ತರಿಸುವಲ್ಲಿಗೆ ಮುಗಿಯುತ್ತವೆ. ಉಕ್ಕಿನ ದೋಣಿಗಾದರೂ ಎರಡು ಮೂರು ವರ್ಷಕ್ಕೊಮ್ಮೆ ಒಣಕಟ್ಟೆಗೆ ಹತ್ತಿಸಿ ತಳಕ್ಕೆ ಕಪ್ಪು ಬಳಿಯಬೇಕು. ಹಬೆ ದೋಣಿಗೆ ಬಾಯ್ಲರ್ ತಪಾಸಣೆ, ಕಲ್ಲಿದ್ದಲು, ವಿಮೆ. ಇದಕ್ಕೆ ಬೇಕಾದದ್ದು ಒಮ್ಮೆಗೇ ಬಂದು ಬೀಳುವ ದೊಡ್ಡ ಮೊತ್ತವಲ್ಲ. ಅಸಲು ಮುಟ್ಟದೆ ವರ್ಷ ವರ್ಷ ಬರುವ ಬಡ್ಡಿ. ಅದು ಸಾಲದ ಕಡೆ ಪ್ರಯಾಣಿಕರ ಟಿಕೆಟ್ಟು, ಶಾಲಾ ಮಕ್ಕಳ ಭೇಟಿ, ಮದುವೆ ಆರತಕ್ಷತೆಗೆ ಸಲೂನಿನ ಬಾಡಿಗೆ. ಪರಂಪರೆಯ ಹಡಗಿನಲ್ಲಿ ಆರತಕ್ಷತೆಯೇ ಎಂದು ಮೂಗು ಮುರಿಯುವವರಿದ್ದಾರೆ. ಡ್ಯಾನಿ 1936ರಲ್ಲೂ ಅತಿಥಿಗಳನ್ನು ಕೂರಿಸಿಕೊಂಡೇ ಸಾಗುತ್ತಿತ್ತು ಎಂದು ಅವರಿಗೆ ನೆನಪಿಸಬೇಕು.

ಹಾಗಾದರೆ ಬಡ್ಡಿಯೂ ಇಲ್ಲದ, ಆಳೂ ಇಲ್ಲದ ದೋಣಿಯ ಗತಿ? ಬ್ರಿಟನ್ನಿನ ಐತಿಹಾಸಿಕ ಹಡಗುಗಳ ಬಗ್ಗೆ ಸರ್ಕಾರಕ್ಕೆ ಸಲಹೆ ಕೊಡುವ ನ್ಯಾಷನಲ್ ಹಿಸ್ಟಾರಿಕ್ ಶಿಪ್ಸ್ ಮೂರು ಕೈಪಿಡಿಗಳನ್ನು ತಂದಿದೆ. ಒಂದು ಹಡಗನ್ನು ದಾಖಲಿಸುವುದು ಹೇಗೆ ಎಂಬುದಕ್ಕೆ, ಇನ್ನೊಂದು ಸಂರಕ್ಷಿಸುವುದಕ್ಕೆ, ಮತ್ತೊಂದು ಬಿಚ್ಚುವುದಕ್ಕೆ. ಸಂರಕ್ಷಣೆಗೆಂದು ಇರುವ ಸಂಸ್ಥೆ ಬಿಚ್ಚುವುದಕ್ಕೆ ಪುಸ್ತಕ ಬರೆದದ್ದು ನನಗೆ ಬಹಳ ಹಿಡಿಸಿತು. ಎಲ್ಲವನ್ನೂ ಉಳಿಸುತ್ತೇವೆ ಎಂದು ಹೊರಟವರು ಕೊನೆಗೆ ಎಲ್ಲವನ್ನೂ ಅರ್ಧಂಬರ್ಧ ಕೊಳೆಯಲು ಬಿಡುತ್ತಾರೆ. ಬಿಚ್ಚುವುದು ಒಡೆಯುವುದಲ್ಲ. ಪ್ರತಿ ಹಲಗೆಗೆ ನಂಬರು, ಪ್ರತಿ ಬಾಗಿಗೆ ಅಳತೆ, ಮೊಳೆ ಎಲ್ಲಿ ಹೊಡೆದಿತ್ತು, ಹಿಂದಿನ ರಿಪೇರಿ ಯಾವ ಕೈಯದು ಎಂಬುದಕ್ಕೆ ಚಿತ್ರ. ಹೊಸಬರಿಗೆ ದೋಣಿ ಕಟ್ಟುವ ಕ್ರಮ ಅರ್ಥವಾಗುವುದು ಕಟ್ಟಿದ್ದನ್ನು ಬಿಚ್ಚುವಾಗಲೇ. ಹಲಗೆ ಕೊಳೆತು ಹೋದರೂ ಒಳಗಿನ ಕಬ್ಬಿಣದ ಮೂಲೆಪಟ್ಟಿಗಳು ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತವೆ. ತುಕ್ಕು ಉಜ್ಜಿ, ಅದೇ ಅಳತೆಯ ಇನ್ನೊಂದು ದೋಣಿಗೆ ಬೋಲ್ಟು ಹಾಕಿದರೆ ಅವು ಮತ್ತೆ ಕೆಲಸಕ್ಕೆ ಬರುತ್ತವೆ.